ಹೇಳದಿದ್ದರೂ ಬರುವವರು

ತಂಗಿಯ ನಿಶ್ಚಯದ ದಿನ ಕನಕರಾಜ ತನ್ನ ಸೋದರತ್ತೆ ಗದ್ದೆಮ್ಮನನ್ನು ಲಿಂಗಸುಗೂರಿನ ಬಸ್ ಸ್ಟ್ಯಾಂಡಿನಲ್ಲಿ ಮರೆತುಬಿಟ್ಟ. ಕಾರು ಕಳಿಸುತ್ತೇನೆ, ಅಲ್ಲೇ ನಿಂತಿರು ಎಂದು ಫೋನಿನಲ್ಲಿ ಹೇಳಿದವನು ಅವನೇ. ಆ ಕಾರನ್ನು ಹೂವು ತರಲು ಕಳಿಸಿದವನೂ ಅವನೇ. ಗದ್ದೆಮ್ಮ ಹೊಸ ಇಳಕಲ್ ಸೀರೆಯುಟ್ಟು ಬಿಸಿಲಿನಲ್ಲಿ ನಿಂತೂ ನಿಂತೂ ಸಾಕಾಗಿ, ಕಡೆಗೆ ತಾನೇ ಬಸ್ಸು ಹತ್ತಿ ಸಿಂಧನೂರಿಗೆ ಬಂದಳು. ಬಂದವಳು ಯಾರನ್ನೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಪಾಡಿತ್ತು. ಒಂದು ಖುರ್ಚಿ ಎಳೆದುಕೊಂಡು ಬಾಗಿಲಿಗೆ ಎದುರಾಗಿ ಕುಳಿತಳು, ಸಂಜೆಯವರೆಗೂ ಈ ಮನೆಯ ನೀರು ಮುಟ್ಟಲಿಲ್ಲ. ಬೀಗರು ಬಂದು ಯಾರೆಂದು ವಿಚಾರಿಸಿದರೆ, "ನಾ ಯಾರೂ ಅಲ್ರೀ. ಬಸ್ ಸ್ಟ್ಯಾಂಡಿನ್ಯಾಗ ಬಿಟ್ಟಿದ್ರು, ಎದ್ದು ಬಂದೆ" ಎಂದು ಬಹಳ ಸಮಾಧಾನದಿಂದ ಹೇಳುತ್ತಿದ್ದಳು.

ಹಾಗೆಂದು ಕನಕರಾಜ ದಡ್ಡನಲ್ಲ. ಸಿಂಧನೂರಿನಲ್ಲಿ ಅವನದು ಪೈಪು ಮತ್ತು ಮೋಟರ್ ಪಂಪಿನ ಸಾಮಾನಿನ ಅಂಗಡಿ. ದಢೇಸುಗೂರಿನಿಂದ ಯಾರಾದರೂ ರೈತ ಬಂದು ಫುಟ್‌ವಾಲ್ ಕೇಳಿದರೆ, ಹೋದ ವರ್ಷ ಒಯ್ದದ್ದು ಯಾವ ಅಳತೆಯದೆಂದು ರೈತನಿಗಿಂತ ಮೊದಲು ಇವನೇ ಹೇಳುತ್ತಿದ್ದ. ಕರೆಂಟು ಹೋದಾಗಲೂ ಎರಡಿಂಚಿನ ಬೆಂಡಿನ ಡಬ್ಬಿಗೆ ನೇರವಾಗಿ ಕೈ ಹಾಕುತ್ತಿದ್ದ. ಅವನ ತೊಂದರೆಯೆಲ್ಲ ಮನುಷ್ಯರದು. ಮನುಷ್ಯರು ಡಬ್ಬಿಯಲ್ಲಿರುವುದಿಲ್ಲ, ಅಳತೆ ಬರೆಸಿಕೊಂಡು ಬರುವುದೂ ಇಲ್ಲ.

ತಂದೆ ತೀರಿಹೋಗಿ ಬಹಳ ವರ್ಷವಾಗಿತ್ತು. ಮನೆಯಲ್ಲಿದ್ದವರು ತಾಯಿ ದುರ್ಗಾದೇವಿ, ತಂಗಿ ಪ್ರಿಯಾಂಕಾ ಮತ್ತು ಅವನು. ಪ್ರಿಯಾಂಕಾಳ ಮದುವೆ ಹತ್ತಿರ ಬರುತ್ತಿತ್ತು. ಇನ್ನೊಬ್ಬ ಗದ್ದೆಮ್ಮನನ್ನು ತಯಾರು ಮಾಡಿದರೆ ಬೀಗರ ಮುಂದೆ ತಲೆ ಎತ್ತುವಂತಿರಲಿಲ್ಲ. ಪಕ್ಕದ ಮೊಬೈಲ್ ಅಂಗಡಿಯ ಅಮ್ಜದ್ ಇದನ್ನೆಲ್ಲ ಕೇಳಿಸಿಕೊಂಡು, ಫೋನಿನಲ್ಲಿ ಒಂದು ಆ್ಯಪ್ ಹಾಕಿಕೋ ಎಂದ.

"ಮಾಡೋ ಕೆಲಸ ಎಲ್ಲಾ ಅದರಾಗ ಬರದಿಡು. ಟೈಮಿಗೆ ಸರಿಯಾಗಿ ಅದ ಒದರತೈತಿ."

"ಚೀಟ್ಯಾಗ ಬರದಿಟ್ರ ಆಗಂಗಿಲ್ಲೇನು?"

"ಚೀಟಿ ಕಳೀತೈತಿ. ಫೋನೂ ಕಳೀತೈತಿ ಬಿಡು, ಆದ್ರ ಫೋನ್ ಕಳದ್ರ ನನಗ ವ್ಯಾಪಾರ" ಎಂದ ಅಮ್ಜದ್.

ಅಂದಿನಿಂದ ಕನಕರಾಜ ಆ್ಯಪ್ ಹುಡುಕುವುದಕ್ಕೆ ನಿಂತ. ಮೊದಲು ಸಿಕ್ಕಿದ್ದರಲ್ಲಿ ಒಂದು ಸಸಿ ಇತ್ತು. ಕೆಲಸ ಮುಗಿಸಿದಷ್ಟೂ ಸಸಿ ಬೆಳೆಯುತ್ತದೆ, ಬಿಟ್ಟರೆ ಬಾಡುತ್ತದೆ. ಬುಧವಾರ ನೆಟ್ಟ ಸಸಿ ಶುಕ್ರವಾರ ಸತ್ತುಹೋಯಿತು. ಕಾಲುವೆಗೆ ನೀರು ಬಿಟ್ಟಿರುವ ಕಾಲದಲ್ಲಿ ತನ್ನ ಕೈಯಲ್ಲಿ ಒಂದು ಸಸಿ ಒಣಗಿತೆಂದು ಅವನಿಗೆ ನಿಜವಾಗಿಯೂ ಬೇಜಾರಾಯಿತು. ಎರಡನೆಯದು ಒಳಗೆ ಬಿಡುವ ಮೊದಲೇ, ನಿಮ್ಮ ಬದುಕಿನ ಗುರಿ ಏನು ಎಂದು ಕೇಳಿತು. ಎದುರಿಗೆ ಗಿರಾಕಿ ನಿಂತಿದ್ದ. ಕನಕರಾಜ ಅವಸರದಲ್ಲಿ ‘ಅರ್ಧ ಇಂಚಿನ ಎಲ್ಬೋ ತರಿಸುವುದು’ ಎಂದು ಒತ್ತಿದ. ಅದು ದಿನಾ ಮುಂಜಾನೆ ಅವನನ್ನು ಎಬ್ಬಿಸಿ, ನಿಮ್ಮ ಕನಸಿಗೆ ಇಂದು ಎಷ್ಟು ಹತ್ತಿರವಾದಿರಿ ಎಂದು ವಿಚಾರಿಸತೊಡಗಿತು. ಎಲ್ಬೋ ಬಂದ ದಿನ ಅದನ್ನೂ ತೆಗೆದುಹಾಕಿದ.

ಮೂರನೆಯದು ಮನಸ್ಸಿಗೆ ಹಿಡಿಸಿತು. ಅದರಲ್ಲಿ ಎಲ್ಲವನ್ನೂ ನಮಗೆ ಬೇಕಾದಂತೆ ಬದಲಾಯಿಸಬಹುದಿತ್ತು. ಬಣ್ಣ ನಮ್ಮದು, ಹೆಸರು ನಮ್ಮದು, ಯಾವುದು ಮೇಲೆ ಯಾವುದು ಕೆಳಗೆ ಎಂಬುದೂ ನಮ್ಮದು. ಸಿಂಧನೂರಿನಲ್ಲಿ ಇಷ್ಟು ಸ್ವಾತಂತ್ರ್ಯ ಅವನಿಗೆ ಬೇರೆಲ್ಲೂ ಸಿಕ್ಕಿರಲಿಲ್ಲ. ಬಣ್ಣ ಆರಿಸುವುದರಲ್ಲೇ ಒಂದು ವಾರ ಹೋಯಿತು. ಆ ವಾರ ಅಡಿಗೆಯವರಿಗೂ ಹೇಳಲಿಲ್ಲ, ಶಾಮಿಯಾನಾದವರಿಗೂ ಹೇಳಲಿಲ್ಲ. ಆದರೆ ಅಡಿಗೆ ಕಿತ್ತಳೆ, ಶಾಮಿಯಾನಾ ನೀಲಿ ಎಂಬುದು ಪಕ್ಕಾ ಆಯಿತು.

ಎಲ್ಲಕ್ಕಿಂತ ದೊಡ್ಡ ಕೆಲಸವೆಂದರೆ ಮದುವೆ ಹೇಳುವುದು. ಈ ಕಡೆ ಲಗ್ನಪತ್ರಿಕೆಯನ್ನು ವಾಟ್ಸಪ್ಪಿನಲ್ಲಿ ಕಳಿಸುವುದೂ ಒಂದೇ, ನೀವು ಬರಬೇಡಿ ಎನ್ನುವುದೂ ಒಂದೇ. ಮನೆತನಕ ಹೋಗಬೇಕು, ಒಳಗೆ ಕೂಡಬೇಕು, ಮನೆಯ ಹೆಣ್ಣುಮಗಳಿಗೆ ಕುಂಕುಮ ಹಚ್ಚಬೇಕು, ಪತ್ರಿಕೆ ಕೈಗೆ ಕೊಟ್ಟು ಬಾಯಿಬಿಟ್ಟು ಬರ್ರಿ ಎನ್ನಬೇಕು. ಇದರಲ್ಲಿ ಯಾವುದೊಂದು ಕಡಿಮೆಯಾದರೂ ಹೇಳಿದಂತಲ್ಲ. ಆ್ಯಪಿನಲ್ಲಿ ಮೊದಲೇ ಇದ್ದ ‘ತುರ್ತು’, ‘ಸಾಧಾರಣ’ ಮುಂತಾದವು ಇದಕ್ಕೆ ಸಾಲುವಂತಿರಲಿಲ್ಲ. ಕನಕರಾಜ ಅವನ್ನು ಅಳಿಸಿ ತನ್ನದೇ ಮೂರು ತರಗತಿ ಮಾಡಿದ. ಕೆಂಪು ಎಂದರೆ ‘ಮಾತು ಬಿಡುವವರು’. ಹಳದಿ ಎಂದರೆ ‘ಒಂದು ಮಾತು ಅಂದು ಸುಮ್ಮನಾಗುವವರು’. ಬೂದು ಎಂದರೆ ‘ಹೇಳದಿದ್ದರೂ ಬರುವವರು’. ಮೊದಲು ಕೆಂಪಿನವರ ಮನೆಗೆ ಹೋಗುವುದು, ಆಮೇಲೆ ಹಳದಿ, ಕಡೆಗೆ ಬೂದು.

ಕೆಂಪಿನಲ್ಲಿ ಎಲ್ಲರಿಗಿಂತ ಮೇಲೆ ಗದ್ದೆಮ್ಮ ಕುಳಿತಳು. ಹಳದಿಯಲ್ಲಿ ಸಾಲಗುಂದ, ಬಳಗಾನೂರಿನ ನೆಂಟರೆಲ್ಲ ತುಂಬಿಕೊಂಡರು. ಬೂದಿನಲ್ಲಿ ಉಳಿದದ್ದು ಒಂದೇ ಹೆಸರು. ಮಸ್ಕಿಯ ಸೋದರಮಾವ, ದುರ್ಗಾದೇವಿಯ ಅಣ್ಣ ಪಂಪಣ್ಣ.

ಪಂಪಣ್ಣ ಲೈನ್‌ಮನ್ ಆಗಿ ನಿವೃತ್ತಿಯಾದವನು. ಕಂಬ ಹತ್ತುವುದನ್ನು ಬಿಟ್ಟಿದ್ದ, ಕರೆದ ಕಡೆ ಹೋಗುವ ಅಭ್ಯಾಸ ಬಿಟ್ಟಿರಲಿಲ್ಲ. ಭಾವ ತೀರಿಕೊಂಡಾಗ ಕನಕರಾಜ ಇನ್ನೂ ಪಿಯುಸಿ ಓದುತ್ತಿದ್ದ. ಓದು ಮುಗಿಯುವವರೆಗೆ ಪಂಪಣ್ಣ ತನ್ನ ಪಾಳಿ ಮುಗಿಸಿ ದಿನಾ ಮಸ್ಕಿಯಿಂದ ಬಸ್ಸಿಗೆ ಬಂದು, ಅಂಗಡಿಯಲ್ಲಿ ಕುಳಿತು, ರಾತ್ರಿಯ ಬಸ್ಸಿಗೆ ಹೋಗುತ್ತಿದ್ದ. ಆ ಅಂಗಡಿ ಇಂದಿಗೂ ಬಾಗಿಲು ತೆರೆಯುತ್ತಿದ್ದರೆ ಅದು ಅವನಿಂದ. ಕನಕರಾಜನಿಗೆ ಇದು ಗೊತ್ತಿರಲಿಲ್ಲವೆಂದಲ್ಲ. ಗೊತ್ತಿತ್ತು, ಆದ್ದರಿಂದಲೇ ಮಾವನ ಬಗ್ಗೆ ಅವನಿಗೆ ಚಿಂತೆಯಿರಲಿಲ್ಲ.

ಗದ್ದೆಮ್ಮನಿಗೆ ಹೇಳಲು ತಾಯಿ ಮಗ ಲಿಂಗಸುಗೂರಿಗೆ ಹೊರಟರು. ಸಿಂಧನೂರಿನ ಬಸ್ಸು ಲಿಂಗಸುಗೂರಿಗೆ ಹೋಗುವುದು ಮಸ್ಕಿಯ ಮೇಲೇ.

"ಮಸ್ಕ್ಯಾಗ ಇಳದು ಅಣ್ಣಗ ಹೇಳಿ ಹೋಗೋಣೇನು?" ಎಂದು ದುರ್ಗಾದೇವಿ ಕೇಳಿದಳು.

ಕನಕರಾಜ ಫೋನು ತೆಗೆದು ನೋಡಿದ. "ಇವತ್ತು ಕೆಂಪು ಅಷ್ಟ ಅವ್ವ. ಮಾವಂದು ಕೊನೀಗೈತಿ."

ಮಸ್ಕಿಯಲ್ಲಿ ಬಸ್ಸು ನಿಂತಾಗ ಕಿಟಕಿಯ ಕೆಳಗೆ ಪಂಪಣ್ಣ ನಿಂತಿದ್ದ. ತಂಗಿ ಈ ಬಸ್ಸಿಗೆ ಹೋಗುತ್ತಾಳೆಂದು ಯಾರಿಂದಲೋ ತಿಳಿದು ಬಿಸಿ ಮಿರ್ಚಿ ಭಜಿ, ನೀರಿನ ಬಾಟಲಿ ಹಿಡಿದುಕೊಂಡು ಬಂದಿದ್ದ. ದುರ್ಗಾದೇವಿಯ ತೊಡೆಯ ಮೇಲೆ ಕುಂಕುಮದ ಭರಣಿ, ಪತ್ರಿಕೆಗಳು ಇದ್ದ ಚೀಲವಿತ್ತು. ಬಸ್ಸಿನ ಕಿಟಕಿಯಿಂದ ಮದುವೆ ಹೇಳುವುದಕ್ಕೆ ಬರುವುದಿಲ್ಲ. ಅವಳು ಚೀಲದ ಮೇಲೆ ಸೆರಗು ಎಳೆದುಕೊಂಡಳು.

"ಗದ್ದೆಮ್ಮನ ಮನಿಗೇನು? ಹೋಗ್ರಿ ಹೋಗ್ರಿ. ಅಕಿಗೆ ಮೊದಲು ಹೇಳ್ರಿ, ಇಲ್ಲಂದ್ರ ಗದ್ದಲ ಹಾಕತಾಳ" ಎಂದ ಪಂಪಣ್ಣ. ಬಸ್ಸು ಬಿಟ್ಟಿತು. ಭಜಿ ಬಹಳ ಚೆನ್ನಾಗಿತ್ತು. ತಾಯಿ ಮಗ ಇಬ್ಬರೂ ಲಿಂಗಸುಗೂರಿನವರೆಗೆ ಮಾತಾಡದೆ ತಿಂದರು.

ಮದುವೆ ಇನ್ನು ಹತ್ತು ದಿನವಿದೆ ಎನ್ನುವಾಗ ಕೆಲಸಗಳನ್ನು ಹಂಚಬೇಕಾಯಿತು. ಆ್ಯಪಿನಲ್ಲಿ ಪ್ರತಿ ಕೆಲಸದ ಮುಂದೆ ಮಾಡುವವರ ಹೆಸರು ಹಾಕಬಹುದಿತ್ತು. ಅಡಿಗೆಯವರು, ಶಾಮಿಯಾನಾ, ನೀರಿನ ಟ್ಯಾಂಕರು, ನಸುಕಿನಲ್ಲಿ ಎದ್ದು ತರಕಾರಿ ತರುವುದು, ಜನರೇಟರು, ವಾಲಗದವರು, ಊಟದ ಉಸ್ತುವಾರಿ. ಕನಕರಾಜ ಒಂದೊಂದರ ಮುಂದೂ ‘ಪಂಪಣ್ಣ’ ಎಂದು ಒತ್ತುತ್ತ ಹೋದ. ಒತ್ತುವಾಗ ಒಮ್ಮೆಯೂ ಬೆರಳು ಅನುಮಾನಿಸಲಿಲ್ಲ. ಆಮೇಲೆ ಮನೆಯವರಿಗೆಲ್ಲ ಲಿಂಕು ಕಳಿಸಿದ. ಮಾವನಿಗೆ, ಪ್ರಿಯಾಂಕಾಳಿಗೆ, ಗದ್ದೆಮ್ಮನ ಸೊಸೆಗೆ. ಅವರವರ ಕೆಲಸ ಅವರವರಿಗೆ ಮಾತ್ರ ಕಾಣುತ್ತದೆ ಎಂದು ಅವನು ತಿಳಿದಿದ್ದ. ಹಾಗೆ ಕಾಣಿಸಬೇಕಾದರೆ ಒಳಗೆ ಒಂದು ಗುಂಡಿ ಒತ್ತಬೇಕಿತ್ತು. ಆ ಗುಂಡಿಯ ಬಣ್ಣ ಕೂಡ ಅವನೇ ಆರಿಸಿದ್ದ, ಒತ್ತಿರಲಿಲ್ಲ.

ಮರುದಿನ ಮಧ್ಯಾಹ್ನ ಅಂಗಡಿಯಲ್ಲಿ ಗಿರಾಕಿಗೆ ವಾಲ್ ತೋರಿಸುತ್ತಿದ್ದಾಗ ಫೋನು ಟಿಣ್ ಎಂದಿತು. ‘ಪಂಪಣ್ಣ ಅವರು ಅಡಿಗೆಯವರು ಎಂಬ ಕೆಲಸವನ್ನು ಬಿಟ್ಟಿದ್ದಾರೆ.’ ಕೈ ತಪ್ಪಿ ಒತ್ತಿರಬೇಕು ಎಂದುಕೊಂಡ. ಮತ್ತೆ ಟಿಣ್ ಎಂದಿತು. ‘ಪಂಪಣ್ಣ ಅವರು ಶಾಮಿಯಾನಾ ಎಂಬ ಕೆಲಸವನ್ನು ಬಿಟ್ಟಿದ್ದಾರೆ.’ ಟ್ಯಾಂಕರು ಬಿಟ್ಟ. ತರಕಾರಿ ಬಿಟ್ಟ. ಅವಸರವಿಲ್ಲದೆ, ಕಂಬದಿಂದ ಒಂದೊಂದೇ ತಂತಿ ಬಿಚ್ಚುವವನ ಹಾಗೆ, ಎಲ್ಲವನ್ನೂ ಬಿಟ್ಟ. ಕನಕರಾಜ ವಾಲನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದ. ಕಡೆಗೆ ಇನ್ನೊಂದು ಬಂತು. ‘ಪಂಪಣ್ಣ ಅವರು ಪಂಪಣ್ಣ ಎಂಬ ಹೆಸರಿನ ಬಣ್ಣವನ್ನು ಬೂದಿನಿಂದ ಕೆಂಪಿಗೆ ಬದಲಾಯಿಸಿದ್ದಾರೆ.’

ಫೋನು ಮಾಡಿದ. ಗಂಟೆ ಪೂರ್ತಿ ಬಾರಿಸಿ ನಿಂತಿತು. ಮತ್ತೆ ಮಾಡಿದ, ಮತ್ತೆ ನಿಂತಿತು. ಮಾವ ಫೋನು ಎತ್ತದಿರುವುದು ಅವನ ಜೀವಮಾನದಲ್ಲಿ ಮೊದಲ ಸಲ.

ಅಷ್ಟರಲ್ಲಿ ಗದ್ದೆಮ್ಮನ ಫೋನು ಬಂತು. ಸೊಸೆ ಎಲ್ಲವನ್ನೂ ಓದಿ ಹೇಳಿದ್ದಳು. ಇನ್ನು ಮುಗಿಯಿತು ಎಂದು ಕನಕರಾಜ ಗೋಡೆಗೆ ಒರಗಿದ.

"ಭೇಷ್ ಮಾಡೀಯಪಾ. ಮಾತು ಬಿಡೋರಾಗ ನನ್ನ ಹೆಸರು ಎಲ್ಲಾರಕಿಂತ ಮ್ಯಾಲ ಹಾಕೀಯಂತ. ನಿಮ್ಮಪ್ಪನೂ ನನಗ ಇಷ್ಟು ಮರ್ಯಾದಿ ಕೊಟ್ಟಿರಲಿಲ್ಲ" ಎಂದಳು ಗದ್ದೆಮ್ಮ. ಆಮೇಲೆ ದನಿ ತಗ್ಗಿಸಿ, "ಆದ್ರ ಪಂಪಣ್ಣನೂ ಈಗ ಕೆಂಪಿನ್ಯಾಗ ಬಂದಾನಂತಲ್ಲ? ಹಂಗ ಬಂದಬಂದೋರನ್ನೆಲ್ಲಾ ಕೆಂಪಿಗೆ ಸೇರಿಸಿದ್ರ ನಂದೇನು ಉಳೀತು?" ಎಂದು ಫೋನು ಇಟ್ಟಳು.

ಮನೆಯಲ್ಲಿ ದುರ್ಗಾದೇವಿ ಇದನ್ನು ಕೇಳಿ ಅಳಲಿಲ್ಲ, ಹೆದರಿದಳು. "ನಮ್ಮಣ್ಣ ಸಿಟ್ಟಾದ್ರ ಹೆಂಗಿರತಾನ ಅಂತ ನನಗ ಗೊತ್ತ ಇಲ್ಲ. ಅಂವ ಯಾವತ್ತೂ ಆಗಿಲ್ಲ. ಹೆಂಗ ಸಮಾಧಾನ ಮಾಡಬೇಕೋ ಏನೋ."

ಪ್ರಿಯಾಂಕಾ ಬಾಗಿಲಲ್ಲಿ ನಿಂತಿದ್ದಳು. ವಧುವನ್ನು ಕೋಣೆಯಿಂದ ಹಂದರಕ್ಕೆ ಕೈಹಿಡಿದು ಕರೆತರುವವನು ಸೋದರಮಾವ. ಅದಕ್ಕೆ ಬೇರೆ ಯಾರೂ ಆಗುವುದಿಲ್ಲ. "ಅಣ್ಣಾ, ಒಂದು ಹೇಳ್ತೀನಿ ಕೇಳು. ಮಾವ ಬಂದು ಕೈ ಹಿಡೀದ ಹೊರತು ನಾ ಖೋಲಿ ಬಿಟ್ಟು ಹೊರಗ ಬರಂಗಿಲ್ಲ. ನಿನ್ನ ಫೋನಿನ್ಯಾಗ ಅದನ್ನೂ ಬರಕೋ" ಎಂದಳು. ಕನಕರಾಜ ಬರೆದುಕೊಳ್ಳಲಿಲ್ಲ. ಬರೆಯದೆಯೂ ನೆನಪಿನಲ್ಲಿ ಉಳಿಯುವ ಮಾತುಗಳಿವೆ ಎಂಬುದು ಅವನಿಗೆ ಅವತ್ತು ಗೊತ್ತಾಯಿತು.

ಮರುದಿನವೇ ತಾಯಿ ಮಗ ಮಸ್ಕಿಗೆ ಹೋದರು. ಪಂಪಣ್ಣ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಾಗಿಲಿಗೆ ಬಂದ. ತಂಗಿಗೆ "ಬಾರವ್ವಾ" ಎಂದ. ಕನಕರಾಜನ ಕಡೆ ತಿರುಗಿ, "ಬರ್ರಿ, ಒಳಗ ಬರ್ರಿ" ಎಂದ.

ಹೆಗಲ ಮೇಲೆ ಹೊತ್ತು ತಿರುಗಿಸಿದ ಮಾವ ರೀ ಹಚ್ಚಿ ಮಾತಾಡಿದ್ದಕ್ಕೆ ಕನಕರಾಜನಿಗೆ ನಾಲ್ಕು ಜನರೆದುರು ಕೆನ್ನೆಗೆ ಹೊಡೆಸಿಕೊಂಡಷ್ಟು ನಾಚಿಕೆಯಾಯಿತು. ಅವರನ್ನು ಖುರ್ಚಿಯಲ್ಲಿ ಕೂರಿಸಿದರು. ತಟ್ಟೆಯಲ್ಲಿ ಲೋಟ ಇಟ್ಟು ನೀರು ತಂದುಕೊಟ್ಟರು. ಈ ಮನೆಯಲ್ಲಿ ಅವನು ಯಾವಾಗಲೂ ತಾನೇ ಒಳಗೆ ಹೋಗಿ ಕೊಡದಿಂದ ನೀರು ತುಂಬಿಕೊಂಡು ಕುಡಿಯುತ್ತಿದ್ದವನು. ದುರ್ಗಾದೇವಿ ಅತ್ತಿಗೆಗೆ ಕುಂಕುಮ ಹಚ್ಚಿದಳು, ಪತ್ರಿಕೆ ಕೊಟ್ಟಳು, "ನಿನ್ನ ಸೊಸಿ ಮದುವಿ ಐತಿ ಅಣ್ಣಾ, ಎಲ್ಲಾರೂ ಮುಂದಾಗಿ ಬಂದು ನಡೆಸಿಕೊಡ್ರಿ" ಎಂದು ಬಾಯಿಬಿಟ್ಟು ಹೇಳಿದಳು. ಪಂಪಣ್ಣ ಕನ್ನಡಕ ಹಾಕಿಕೊಂಡು ಪತ್ರಿಕೆಯನ್ನು ಮೊದಲಿನಿಂದ ಕೊನೆಯವರೆಗೆ, ಮುದ್ರಣಾಲಯದ ಹೆಸರನ್ನೂ ಬಿಡದೆ ಓದಿದ.

"ಅಕ್ಕೀಕಾಳು ಬೀಳೋದು ಹನ್ನೊಂದಕ್ಕೇನ್ರಿ? ನೋಡ್ತೀನ್ರಿ. ಆದ್ರ ಬರತೀನಿ" ಎಂದ.

ಕನಕರಾಜನಿಗೆ ಇನ್ನು ತಡೆಯಲಾಗಲಿಲ್ಲ. "ಮಾವ, ನೀ ಬಂದ ಬರತೀ ಅಂತ ನನಗ ಖಾತ್ರಿ ಇತ್ತು. ಅದಕ್ಕ ಕೊನೀಗೆ ಇಟ್ಟಿದ್ದೆ. ನಿನ್ನ ಕಡಿಮಿ ಮಾಡಿದ್ದಲ್ಲ."

"ಖರೇ ಅದ. ನೀವು ಸುಳ್ಳೇನು ಬರದಿಲ್ಲ" ಎಂದ ಪಂಪಣ್ಣ. ಸಿಟ್ಟಿನಿಂದ ಹೇಳಲಿಲ್ಲ, ಮೀಟರು ಓದಿ ಹೇಳುವ ಹಾಗೆ ಹೇಳಿದ. "ನಿಮ್ಮವ್ವನ ಮದುವ್ಯಾಗೂ ನನಗ ಯಾರೂ ಹೇಳಿಲ್ಲ. ಮುಂದ ಎಷ್ಟು ಮದುವಿ ಆದ್ವು, ಯಾರೂ ಹೇಳಿಲ್ಲ. ಹೇಳೋದ್ರಾಗ ನಾ ಅಲ್ಲಿ ಹಂದರದ ಗಳ ಹಿಡಕೊಂಡು ನಿಂತಿರತಿದ್ದೆ. ಮನಿ ಮನಷ್ಯಾ ಅಂತ ಹಂಗ ಮಾಡತಾರ ಅಂದ್ಕೊಂಡಿದ್ದೆ. ನನಗ ಅದರಾಗ ಒಂದು ನಮೂನಿ ಖುಷೀನೂ ಇತ್ತು. ಮೊನ್ನಿ ನಿಮ್ಮ ಫೋನಿನ್ಯಾಗ ನೋಡಿದ್ರ, ಆ ಬೂದಿ ಬಣ್ಣದಾಗ ನಾ ಒಬ್ಬನ ಇದ್ದೆ. ಜೊತೀಗೆ ಇನ್ನೊಬ್ಬರಾದ್ರೂ ಇದ್ದಿದ್ರ ಇಷ್ಟು ಅನಸ್ತಿರಲಿಲ್ಲ."

ಚಹಾ ಬಂತು. ಕುಡಿದರು. ಪಂಪಣ್ಣ ಅವರನ್ನು ಬೀದಿಯ ತುದಿಯವರೆಗೆ ಬಂದು ಬೀಳ್ಕೊಟ್ಟ. ಬಿಟ್ಟ ಕೆಲಸಗಳ ಬಗ್ಗೆ ಅವನೂ ಮಾತೆತ್ತಲಿಲ್ಲ, ಇವರೂ ಎತ್ತಲಿಲ್ಲ.

ಸಿಂಧನೂರಿಗೆ ಬಂದ ಕನಕರಾಜ ಆ ಕೆಲಸಗಳನ್ನೆಲ್ಲ ತನ್ನ ಹೆಸರಿಗೆ ಹಾಕಿಕೊಂಡ. ಅಡಿಗೆಯವನ ಮನೆಗೆ ಹೋದರೆ ಅವನು, "ಪಂಪಣ್ಣೋರು ಎಲ್ಲಿ?" ಎಂದ. ಶಾಮಿಯಾನಾದವನೂ ಅದನ್ನೇ ಕೇಳಿದ. ಟ್ಯಾಂಕರಿನವನಂತೂ ಪಂಪಣ್ಣೋರು ಹೇಳದೆ ಹೊರಡುವುದಿಲ್ಲ ಎಂದು ಕುಳಿತುಬಿಟ್ಟ. ಮದುವೆ ಎಂದರೆ ಮಾವ ಸುಮ್ಮನೆ ಓಡಾಡಿಕೊಂಡಿರುತ್ತಾನೆ ಎಂದು ಕನಕರಾಜ ತಿಳಿದಿದ್ದ. ಆ ಓಡಾಟವೇ ಮದುವೆಯ ಮುಕ್ಕಾಲು ಪಾಲು ಎಂಬುದು ಅವನ ಕಾಲಿಗೆ ಗೊತ್ತಾಯಿತು. ಆ್ಯಪು ತಾಸಿಗೊಮ್ಮೆ ಒದರುತ್ತಲೇ ಇತ್ತು. ಒದರುವುದನ್ನು ಬಿಟ್ಟು ಅದು ಮತ್ತೇನೂ ಮಾಡುತ್ತಿರಲಿಲ್ಲ.

ಮದುವೆಯ ಹಿಂದಿನ ದಿನ ಪಂಪಣ್ಣ ಬರಲಿಲ್ಲ. ಮದುವೆಯ ದಿನ ಮುಂಜಾನೆಯೂ ಬರಲಿಲ್ಲ. ಕಲ್ಯಾಣ ಮಂಟಪದ ಕೋಣೆಯಲ್ಲಿ ಪ್ರಿಯಾಂಕಾ ತಲೆಗೆ ಹೂವಿನ ದಂಡೆ ಕಟ್ಟಿಸಿಕೊಂಡು, ಬಾಗಿಲ ಕಡೆ ನೋಡುತ್ತ ಕುಳಿತಿದ್ದಳು. ಬೀಗರು ಎರಡು ಸಲ ಗಡಿಯಾರ ನೋಡಿದರು, ಲಗ್ನ ಮಾಡಿಸುವ ಐನೋರು ಒಂದು ಸಲ ಕೆಮ್ಮಿದರು. ದುರ್ಗಾದೇವಿ ಯಾರ ಮುಖವನ್ನೂ ನೋಡಲಿಲ್ಲ. ಕನಕರಾಜ ಮಂಟಪದ ಗೇಟಿನಲ್ಲಿ ನಿಂತಿದ್ದ. ಮಾವ ಬರದಿದ್ದರೆ ತಪ್ಪು ಪೂರ್ತಿ ತನ್ನದು, ಬಂದರೆ ದೊಡ್ಡತನ ಪೂರ್ತಿ ಅವನದು ಎಂದು ಯೋಚಿಸುತ್ತ ರಸ್ತೆಯ ಕಡೆ ನೋಡುತ್ತಿದ್ದ.

ಹತ್ತೂವರೆಗೆ ಆಟೋ ಬಂದು ನಿಂತಿತು. ಪಂಪಣ್ಣ ಹೆಂಡತಿಯೊಂದಿಗೆ ಇಳಿದ. ಹೊಸ ಧೋತರ, ತಲೆಗೆ ರುಮಾಲು, ಕೈಯಲ್ಲಿ ಸೋದರಸೊಸೆಗೆ ತಂದ ಸೀರೆಯ ಪೊಟ್ಟಣ. ಕರೆಸಿಕೊಂಡ ನೆಂಟ ಬರುವ ಹೊತ್ತಿಗೆ ಸರಿಯಾಗಿ ಬಂದಿದ್ದ. ಕನಕರಾಜ ಕಾಲು ಮುಟ್ಟಲು ಬಗ್ಗಿದ. "ಇರಲ್ರಿ, ಇರಲಿ" ಎಂದು ಪಂಪಣ್ಣ ನೇರ ಕೋಣೆಗೆ ಹೋದ. ಪ್ರಿಯಾಂಕಾ ಅವನನ್ನು ನೋಡಿ ಎದ್ದು ನಿಂತಳು, ಏನೋ ಹೇಳಹೋಗಿ ಅತ್ತಳು. ಅವನು ಅವಳ ಕೈ ಹಿಡಿದು, ಅವಸರ ಮಾಡದೆ, ಹಂದರಕ್ಕೆ ಕರೆತಂದ. ಮುಹೂರ್ತಕ್ಕೆ ಸರಿಯಾಗಿ ವಧುವರರ ತಲೆಯ ಮೇಲೆ ಅಕ್ಕಿಕಾಳು ಬಿದ್ದವು.

ಆಮೇಲೆ ಪಂಪಣ್ಣ ಅಡಿಗೆಮನೆಯ ಕಡೆ ಹೋಗಲಿಲ್ಲ. ಅಡಿಗೆಯವನು ಇಣುಕಿ ಇಣುಕಿ ನೋಡಿದರೂ ತಿರುಗಲಿಲ್ಲ. ಸೀದಾ ಊಟದ ಹಾಲಿಗೆ ಬಂದು, ಜಮಖಾನೆಯ ಮೇಲೆ ಮೊದಲ ಪಂಕ್ತಿಯಲ್ಲಿ, ಗದ್ದೆಮ್ಮನ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತ. ಗದ್ದೆಮ್ಮ ಅವನನ್ನು ಒಮ್ಮೆ ಮೇಲಿನಿಂದ ಕೆಳಗೆ ನೋಡಿ, ತನ್ನ ಎಲೆಯನ್ನು ಸ್ವಲ್ಪ ಆಚೆ ಸರಿಸಿಕೊಂಡಳು. ಊಟದ ಉಸ್ತುವಾರಿ ಈಗ ಕನಕರಾಜನದು. ಬಡಿಸುವವರು ಸಾಲದೆ ತಾನೇ ಟವೆಲು ಸೊಂಟಕ್ಕೆ ಸುತ್ತಿ ಬಕೀಟು ಹಿಡಿದಿದ್ದ. ಮಾವನ ಎಲೆಗೆ ಬೆಲ್ಲದ ಬಿಸಿ ಗೋಧಿಹುಗ್ಗಿ ಹಾಕಿದ.

"ಮಾವ, ಹುಗ್ಗಿಗೆ ಏನ್ ತರಲಿ? ಹಾಲೇನು, ತುಪ್ಪೇನು?"

ಕೇಳಿದ ಮೇಲೆ ಅವನಿಗೆ ಹೊಳೆಯಿತು. ಗದ್ದೆಮ್ಮನಿಗೆ ತುಪ್ಪವೇ ಆಗಬೇಕೆಂದು ಅವನಿಗೆ ಗೊತ್ತಿತ್ತು. ಬೀಗರ ಮುದುಕನಿಗೆ ಹಾಲು ಕಾಯಿಸಿ ಆರಿಸಿ ಹಾಕಬೇಕೆಂದೂ ಗೊತ್ತಿತ್ತು. ತನ್ನನ್ನು ಬೆಳೆಸಿದ ಮನುಷ್ಯ ಹುಗ್ಗಿಗೆ ಏನು ಹಾಕಿಕೊಳ್ಳುತ್ತಾನೆ ಎಂಬುದು ಗೊತ್ತಿರಲಿಲ್ಲ. ಮಾವ ಪಂಕ್ತಿಯಲ್ಲಿ ಕುಳಿತು ಉಂಡದ್ದನ್ನು ಅವನು ಯಾವತ್ತೂ ನೋಡಿರಲಿಲ್ಲ.

ಪಂಪಣ್ಣನೂ ಎಲೆಯನ್ನೇ ನೋಡಿದ.

"ಗೊತ್ತಿಲ್ಲಲೇ" ಎಂದ. "ನನ್ನ ಪಾಳಿ ಬರೋದ್ರಾಗ ಎರಡೂ ಮುಗದಿರತಿದ್ವು."

ಕನಕರಾಜ ಅಲ್ಲೇ ನಿಂತಿದ್ದ.

"ನಿಂತಿ ಯಾಕ? ಎರಡೂ ತಾ. ಯಾವುದು ಛಲೋ ಇರತೈತಿ ನೋಡೋಣು" ಎಂದ ಪಂಪಣ್ಣ.

ಕನಕರಾಜ ಒಳಗೆ ಹೋಗಿ ಹಾಲಿನ ಪಾತ್ರೆ, ತುಪ್ಪದ ಪಾತ್ರೆ ಎರಡನ್ನೂ ಎತ್ತಿಕೊಂಡು ಬಂದು, ಮಾವನ ಎಲೆಯ ಎದುರಿಗೆ ನೆಲದ ಮೇಲೆ ಕುಳಿತುಬಿಟ್ಟ. ಪಂಪಣ್ಣ ಮೊದಲು ಹಾಲು ಹಾಕಿಸಿಕೊಂಡು ಉಂಡ, ಆಮೇಲೆ ತುಪ್ಪ ಹಾಕಿಸಿಕೊಂಡು ಉಂಡ, ತಿಳಿಯಲಿಲ್ಲವೆಂದು ಮತ್ತೆ ಹಾಲು ಹಾಕು ಎಂದ. ಆ ಪಂಕ್ತಿಯಲ್ಲಿ ಕುಳಿತ ಉಳಿದವರೆಲ್ಲ, ಗದ್ದೆಮ್ಮನೂ ಸೇರಿ, ಅವನಿಗೆ ತಿಳಿಯುವವರೆಗೆ ಹಾಲು ತುಪ್ಪಕ್ಕಾಗಿ ಕಾಯಬೇಕಾಯಿತು.